ಕಾಲೇಜು ಬದಲಿಸುವ ಮುನ್ನ: ಇಂಜಿನಿಯರಿಂಗ್ ವಿದ್ಯಾರ್ಥಿಯ ಮುಂದಿರುವ ನಾಲ್ಕು ದಾರಿಗಳು

ಎರಡನೆಯ ಸೆಮಿಸ್ಟರಿನ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಕಾಲೇಜು ಬದಲಿಸುವ ಮಾತು ಏಳುತ್ತದೆ. ಬೆಂಗಳೂರಿಗೆ ಕಳಿಸಿದ ಮಗನ ಪಿಜಿ ಬಾಡಿಗೆ, ಊಟದ ಖರ್ಚು ಕೈಮೀರಿದೆ. ಊರ ಹತ್ತಿರ ಕರೆಸಿಕೊಳ್ಳಬಹುದೇ ಎಂದು ತಂದೆ ವಿಚಾರಿಸುತ್ತಾರೆ. ಇನ್ನೊಂದು ಮನೆಯ ಮಗಳು ಊರಿನ ಕಾಲೇಜಿನಲ್ಲೇ ಇದ್ದಾಳೆ. ಗೆಳತಿಯರೆಲ್ಲ ಹುಬ್ಬಳ್ಳಿ, ಬೆಂಗಳೂರು ಸೇರಿದರು, ತಾನು ಹಿಂದೆ ಬಿದ್ದೆನೇನೋ ಎಂಬ ಕೊರಗು ಅವಳದು. ನಾಲ್ಕು ವರ್ಷದ ಪದವಿಯಲ್ಲಿ ಒಂದು ವರ್ಷ ಕಳೆದಿದೆ, ಮೂರು ಉಳಿದಿವೆ. ಬದಲಿಸುವುದಾದರೆ ಈಗಲೇ ಎಂಬ ಆತುರ ಎಲ್ಲರಲ್ಲೂ ಇರುತ್ತದೆ.

ಆ ಆತುರದಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಯಾವ ಕಾಲೇಜು ಒಳ್ಳೆಯದು ಎಂಬುದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಈಗಾಗಲೇ ಪಾಸಾದ ವಿಷಯಗಳಲ್ಲಿ ಎಷ್ಟನ್ನು ಹೊಸ ಜಾಗದವರು ಒಪ್ಪುತ್ತಾರೆ, ಯಾವ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತಾರೆ ಎಂಬುದೇ ಮೊದಲನೆಯದು. ಇದಕ್ಕೆ ಉತ್ತರ ಬರಹದಲ್ಲಿ ಕೈಗೆ ಬರುವ ತನಕ ಕಟ್ಟಡ, ಹಾಸ್ಟೆಲ್, ಪ್ಲೇಸ್‌ಮೆಂಟ್ ಎಂದು ಹೋಲಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ.

ವಿಶ್ವವಿದ್ಯಾಲಯದ ಗಡಿ ಎಲ್ಲಿದೆ?

ಇದನ್ನು ತಿಳಿಯಲು ಬೆಳಗಾವಿ ನಗರವೊಂದೇ ಸಾಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ನಾವೆಲ್ಲ ಕರೆಯುವ ವಿಟಿಯು, 1998ರಲ್ಲಿ ಆರಂಭವಾಯಿತು. ಅದರ ಕೇಂದ್ರ ಕಚೇರಿ ಇಲ್ಲಿನ ಜ್ಞಾನ ಸಂಗಮದಲ್ಲಿದೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲು ಅದರ ಅಡಿಯಲ್ಲಿವೆ. ಹಾಗಿದ್ದೂ ಅದರೊಳಗೆ ಎರಡು ಬಗೆಯ ಕಾಲೇಜುಗಳಿವೆ. ಬರಿಯ ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಫಲಿತಾಂಶ ಎಲ್ಲವೂ ವಿಟಿಯುದೇ. ಉದ್ಯಮಬಾಗದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ, ಬಾಗಲಕೋಟೆ ವಿದ್ಯಾಗಿರಿಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಲ್ಲಿ ಪದವಿ ಕೊಡುವುದು ವಿಟಿಯುವೇ ಆದರೂ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ಕಾಲೇಜೇ ನಡೆಸುತ್ತದೆ. ಇವೆರಡರಾಚೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬೆಳಗಾವಿಯ ಡಾ. ಎಂ.ಎಸ್. ಶೇಷಗಿರಿ ಆವರಣ ಈಗ ಅದಕ್ಕೆ ಸೇರಿದೆ. ಅದು ತನ್ನದೇ ಪದವಿ ಕೊಡುವ ಬೇರೆ ವಿಶ್ವವಿದ್ಯಾಲಯ. ವಿಟಿಯುವಿನ ನಿಯಮಗಳು ಅಲ್ಲಿ ನಡೆಯುವುದಿಲ್ಲ.

ಒಂದೇ ನಗರದ ಈ ಮೂರು ಬಗೆಗಳ ನಡುವೆ ಆಟೋದಲ್ಲಿ ಓಡಾಡಬಹುದು. ಕಾಗದಪತ್ರದಲ್ಲಿ ಮಾತ್ರ ಅವು ಬಹು ದೂರ. ವಿಜಯಪುರದ ಸಂಯೋಜಿತ ಕಾಲೇಜಿನಿಂದ ಮೈಸೂರಿನ ಸಂಯೋಜಿತ ಕಾಲೇಜಿಗೆ ಹೋಗುವುದು, ಬೆಳಗಾವಿಯೊಳಗೇ ವಿಟಿಯುವಿನಿಂದ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಕ್ಕಿಂತ ಎಷ್ಟೋ ಸುಲಭ.

ಮೊದಲ ದಾರಿ: ಅದೇ ವಿಶ್ವವಿದ್ಯಾಲಯ, ಬೇರೆ ಕಾಲೇಜು

ಸಂಯೋಜಿತ ಕಾಲೇಜಿನಿಂದ ಸಂಯೋಜಿತ ಕಾಲೇಜಿಗೆ, ಅದೇ ಬ್ರಾಂಚಿಗೆ ಹೋಗುವುದು ಎಲ್ಲಕ್ಕಿಂತ ಹಗುರವಾದ ದಾರಿ. ಪಠ್ಯಕ್ರಮ ಒಂದೇ ಆದ್ದರಿಂದ ಪಾಸಾದ ವಿಷಯಗಳು ಹಾಗೆಯೇ ಉಳಿಯುತ್ತವೆ, ಪಾಸಾಗದೆ ಉಳಿದ ವಿಷಯ, ಅಂದರೆ ಬ್ಯಾಕ್‌ಲಾಗ್ ಇದ್ದರೂ ಅದನ್ನು ವಿಟಿಯು ಪರೀಕ್ಷೆಯಲ್ಲೇ ಬರೆಯಬಹುದು. ಬೇಕಾಗುವುದು ಈಗಿನ ಕಾಲೇಜಿನ ನಿರಾಕ್ಷೇಪಣಾ ಪತ್ರ, ಹೊಸ ಕಾಲೇಜಿನ ಒಪ್ಪಿಗೆ ಮತ್ತು ಮೇಲಿನವರ ಮಂಜೂರಾತಿ. ಇದಕ್ಕೆ ಬೆಸ ಸೆಮಿಸ್ಟರಿನ ಆರಂಭವೇ ಸಮಯ. ಮೂರನೆಯ ಸೆಮಿಸ್ಟರ್ ಉತ್ತಮ; ಐದನೆಯದಕ್ಕೆ ಬರುವಷ್ಟರಲ್ಲಿ ವಿಭಾಗದ ಐಚ್ಛಿಕ ವಿಷಯಗಳು ಶುರುವಾಗಿ ಹೊಂದಿಸುವುದು ಕಷ್ಟವಾಗುತ್ತದೆ.

ಅಡ್ಡ ಬರುವುದು ಸೀಟು. ಹೊಸ ಕಾಲೇಜಿನ ಅದೇ ಬ್ರಾಂಚಿನಲ್ಲಿ, ಅದೇ ವರ್ಷದ ಮಂಜೂರಾದ ಪ್ರಮಾಣದೊಳಗೆ ಜಾಗ ಖಾಲಿ ಇರಬೇಕು. ಮೊದಲ ವರ್ಷ ಖಾಲಿ ಉಳಿದ ಸೀಟುಗಳು ಎರಡನೆಯ ವರ್ಷಕ್ಕೂ ಹಾಗೆಯೇ ಇರುತ್ತವೆ ಎಂದುಕೊಂಡು ಬಹಳ ಜನ ಕಾಯುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೆಯ ವರ್ಷಕ್ಕೆ ಬರುತ್ತಾರೆ. ಅವರಿಗೆ ಪ್ರತ್ಯೇಕ ಪಾಲಲ್ಲದೆ ಖಾಲಿ ಸೀಟುಗಳೂ ಹಂಚಿಕೆಯಾಗುತ್ತವೆ. ಕಂಪ್ಯೂಟರ್ ಸೈನ್ಸಿನಂಥ ಬೇಡಿಕೆಯ ಬ್ರಾಂಚಿನಲ್ಲಿ ಉಳಿಯುವುದು ಅಲ್ಪ. ಆದ್ದರಿಂದ ಪ್ರಾಂಶುಪಾಲರ ಕಚೇರಿಯಲ್ಲಿ "ಸೀಟು ಇದೆ" ಎಂದರೆ, ಡಿಪ್ಲೊಮಾದವರ ಹಂಚಿಕೆ ಮುಗಿದ ಮೇಲೂ ಇರುತ್ತದೆಯೇ ಎಂದು ಮರುಪ್ರಶ್ನೆ ಹಾಕಬೇಕು.

ಎರಡನೆಯ ತೊಡಕು ಹಾಜರಾತಿ. ವಿಟಿಯುವಿನಲ್ಲಿ ಪ್ರತಿ ವಿಷಯಕ್ಕೂ 85% ಹಾಜರಾತಿ ಬೇಕು. ತಕ್ಕ ಕಾರಣವಿದ್ದರೆ 75%ವರೆಗೆ ರಿಯಾಯಿತಿ. ಹದಿನಾರು ವಾರದ ಸೆಮಿಸ್ಟರ್ ಎಂದುಕೊಂಡರೆ 85% ಎಂಬುದು ಎರಡೂವರೆ ವಾರ ತಪ್ಪಿಸಿಕೊಳ್ಳುವುದಕ್ಕೂ ಬಿಡುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿರುವಾಗ ತರಗತಿಗಳು ಆರಂಭವಾಗಿಬಿಟ್ಟಿರುತ್ತವೆ. ಮಂಜೂರಾತಿ ಬರುವ ತನಕ ಈಗಿನ ಕಾಲೇಜಿಗೆ ಹೋಗುತ್ತಲೇ ಇರಬೇಕು, ಆ ಹಾಜರಾತಿಯ ದಾಖಲೆಯನ್ನು ಸಹಿ ಮೊಹರಿನೊಂದಿಗೆ ತೆಗೆದುಕೊಂಡು ಹೋಗಬೇಕು. ಮನೆಗೆ ಬಂದು ಕೂತು ಕಾಯುವವರೇ ಕೊನೆಗೆ ಹಾಜರಾತಿ ಸಾಲದೆ ಪರೀಕ್ಷೆ ಕಳೆದುಕೊಳ್ಳುವುದು.

ಇನ್ನೊಂದು ಸಣ್ಣ ಕಾಗದವನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕು ವರ್ಷದ ವಿದ್ಯಾರ್ಥಿ ಪದವಿ ಪಡೆಯಬೇಕಾದರೆ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ನಿಗದಿಪಡಿಸಿದ 100 ಚಟುವಟಿಕೆ ಅಂಕ ಗಳಿಸಿರಬೇಕು. ಮೊದಲ ವರ್ಷ ಹಳ್ಳಿಗೆ ಹೋಗಿ ಮಾಡಿದ ಸಮೀಕ್ಷೆಯೋ ಗಿಡ ನೆಟ್ಟ ಕೆಲಸವೋ ಹಳೆಯ ಕಾಲೇಜಿನ ದಾಖಲೆ ಪುಸ್ತಕದಲ್ಲಿ ಇರುತ್ತದೆ. ಅದರ ದೃಢೀಕೃತ ಪ್ರತಿಯಿಲ್ಲದಿದ್ದರೆ ಕೊನೆಯ ವರ್ಷ ಮತ್ತೆ ಮೊದಲಿನಿಂದ ಎಣಿಸಬೇಕಾದೀತು.

ಮನೆಯ ಕಷ್ಟಕ್ಕೋ, ತಂದೆ-ತಾಯಿಯ ಅನಾರೋಗ್ಯಕ್ಕೋ, ಖರ್ಚು ತಾಳಲಾರದೆಯೋ ಊರ ಹತ್ತಿರ ಬರಬೇಕಾದವರಿಗೆ ಈ ದಾರಿಯನ್ನು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಬೆಂಗಳೂರು ಬಿಟ್ಟು ಬಾಗಲಕೋಟೆಗೆ ಬರುವುದನ್ನು ನಮ್ಮ ಬಂಧುಗಳು ಸೋಲೆಂದು ನೋಡುತ್ತಾರೆ, ಹುಡುಗರೂ ಹಾಗೆಯೇ ಕುಗ್ಗುತ್ತಾರೆ. ಅದರಲ್ಲಿ ಸೋಲೇನೂ ಇಲ್ಲ. ಅದೇ ವಿಶ್ವವಿದ್ಯಾಲಯದ ಅದೇ ಪದವಿ ಸಿಗುತ್ತದೆ, ಮನೆಯ ಊಟ ಸಿಗುತ್ತದೆ, ಸಾಲ ಕಡಿಮೆಯಾಗುತ್ತದೆ.

ಎರಡನೆಯ ದಾರಿ: ಗಡಿ ದಾಟುವುದು

ಸಂಯೋಜಿತದಿಂದ ಸ್ವಾಯತ್ತಕ್ಕೆ, ಸ್ವಾಯತ್ತದಿಂದ ಸಂಯೋಜಿತಕ್ಕೆ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ: ಇಲ್ಲೆಲ್ಲ ವಿಷಯಗಳ ತತ್ಸಮಾನತೆ ನೋಡಲಾಗುತ್ತದೆ. ವಿಷಯದ ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ಪಾಠಗಳೂ ಕ್ರೆಡಿಟ್ಟೂ (ಆ ವಿಷಯಕ್ಕೆ ಪದವಿಯ ಲೆಕ್ಕದಲ್ಲಿರುವ ತೂಕ) ಹೊಂದಬೇಕು.

ಇದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ನೀವು ಪಾಸಾದ ವಿಷಯಗಳನ್ನು ಅಂಕಪಟ್ಟಿ ನೋಡಿ ಬರೆಯಿರಿ, ಬಲಗಡೆ ಹೊಸ ಜಾಗದ ಅದೇ ಸೆಮಿಸ್ಟರುಗಳ ವಿಷಯಗಳನ್ನು ಬರೆಯಿರಿ. ಉದಾಹರಣೆಗೆ, ನಿಮ್ಮಲ್ಲಿ ಡೇಟಾ ಸ್ಟ್ರಕ್ಚರ್ಸ್ ಪ್ರಯೋಗಾಲಯವೂ ಸೇರಿ 4 ಕ್ರೆಡಿಟ್. ಅಲ್ಲಿ ಪಾಠಕ್ಕೆ 3, ಪ್ರಯೋಗಾಲಯಕ್ಕೆ 1. ಇದರಲ್ಲಿ ತೊಂದರೆ ಬರುವುದಿಲ್ಲ. ಮುಂದಿನ ಸಾಲು ಗಣಿತ. ನಿಮ್ಮ ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಲಾಪ್ಲಾಸ್, ಫೂರಿಯರ್ ಇವೆ. ಅಲ್ಲಿ ಅವನ್ನು ಮೊದಲೇ ಮುಗಿಸಿ ಮೂರನೆಯದರಲ್ಲಿ ಸಂಭಾವ್ಯತೆ ಇಟ್ಟಿದ್ದಾರೆ. ಎರಡೂ ಕಡೆ ಹೆಸರು ಗಣಿತವೇ, ಆದರೂ ಸಂಭಾವ್ಯತೆಯ ಪರೀಕ್ಷೆ ಹೊಸದಾಗಿ ಬರೆಯಬೇಕಾದೀತು. ಮೂರನೆಯ ಸಾಲು ಆಪರೇಟಿಂಗ್ ಸಿಸ್ಟಮ್ಸ್: ಅಲ್ಲಿ ನಾಲ್ಕನೆಯ ಸೆಮಿಸ್ಟರಿನಲ್ಲೇ ಮುಗಿದಿದೆ, ನಿಮ್ಮಲ್ಲಿ ಐದನೆಯದಕ್ಕಿದೆ. ಐದಕ್ಕೆ ಸೇರಿದ ಕೂಡಲೇ ಅದೊಂದು ಬಾಕಿ. ಸಾಲು ಸಾಲಾಗಿ ಇಳಿದು ಬಂದರೆ ಹಾಳೆಯ ಕೆಳಗೆ ಬಾಕಿ ವಿಷಯಗಳ ಪಟ್ಟಿ ತಾನಾಗಿ ಸಿದ್ಧವಾಗಿರುತ್ತದೆ. ಎರಡೋ ಮೂರೋ ಇದ್ದರೆ ಒಂದು ವರ್ಷದಲ್ಲಿ ತೀರಿಸಬಹುದು. ಆರೇಳು ಇದ್ದರೆ ಹೊಸ ಸೆಮಿಸ್ಟರಿನ ಓದಿನ ಜೊತೆ ಇನ್ನೊಂದು ಸೆಮಿಸ್ಟರನ್ನೇ ಹೊತ್ತಂತೆ. ಅಂಥ ಬದಲಾವಣೆ ಬೇಡವೆಂದೇ ನಾನು ಹೇಳುವುದು.

ಈ ಹಾಳೆ ನಿಮ್ಮ ಅಂದಾಜು ಮಾತ್ರ. ತೀರ್ಪು ಹೊಸ ವಿಶ್ವವಿದ್ಯಾಲಯದ್ದು. ಅದಕ್ಕಾಗಿ ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯೊಂದಿಗೆ ನೀವು ಓದಿದ ವರ್ಷದ ಪಠ್ಯಕ್ರಮದ ಪೂರ್ಣ ಪ್ರತಿಯನ್ನು, ಪ್ರತಿ ಪುಟಕ್ಕೂ ಕಾಲೇಜಿನ ಮೊಹರು ಹಾಕಿಸಿ ಸಲ್ಲಿಸಬೇಕಾಗುತ್ತದೆ. ಸ್ಕೀಮ್, ಅಂದರೆ ಆಯಾ ವರ್ಷ ಜಾರಿಗೆ ಬಂದ ಪಠ್ಯಕ್ರಮದ ಚೌಕಟ್ಟು, ಬದಲಾದ ಕಾಲದಲ್ಲಿ ವಿಶೇಷ ಎಚ್ಚರ ಬೇಕು. ವಿಟಿಯುವಿನ 2018ರ ಸ್ಕೀಮಿನಲ್ಲಿ ಪದವಿಗೆ 175 ಕ್ರೆಡಿಟ್ ಇತ್ತು, 2022ರದರಲ್ಲಿ 160. ನಡುವೆ ಒಂದು ವರ್ಷ ಓದು ನಿಲ್ಲಿಸಿ ಮರಳಿದವರು ಬೇರೆ ಸ್ಕೀಮಿಗೆ ಬೀಳಬಹುದು.

ಈಗ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆಯಲ್ಲ, ಕ್ರೆಡಿಟ್ ಎಲ್ಲಿಗೆ ಬೇಕಾದರೂ ಒಯ್ಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರಲ್ಲಿ ಈ ವ್ಯವಸ್ಥೆಯ ನಿಯಮ ಹೊರಡಿಸಿತು. ಖಾತೆಯಲ್ಲಿ ಕ್ರೆಡಿಟ್ ಗರಿಷ್ಠ ಏಳು ವರ್ಷ ಉಳಿಯುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ 50% ಕ್ರೆಡಿಟ್ ಗಳಿಸಿರಬೇಕೆಂಬ ಷರತ್ತೂ ಅದರಲ್ಲಿದೆ. ಅಂದರೆ ಮೂರು ವರ್ಷ ಒಂದು ಕಡೆ ಓದಿ ಕೊನೆಯ ವರ್ಷಕ್ಕೆ ದೊಡ್ಡ ಹೆಸರಿನ ಕಡೆ ಹೋಗಿ ಅವರ ಪದವಿ ಪಡೆಯುವ ಆಸೆ ಈಡೇರುವಂಥದ್ದಲ್ಲ. ಕ್ರೆಡಿಟ್ ಖಾತೆಯಲ್ಲಿ ಜಮೆಯಾಗಿರುವುದೇ ಬೇರೆ, ಅದನ್ನು ಹೊಸ ವಿಶ್ವವಿದ್ಯಾಲಯ ತನ್ನ ಪದವಿಗೆ ಲೆಕ್ಕಕ್ಕೆ ಹಿಡಿಯುವುದೇ ಬೇರೆ. ಸೀಟನ್ನಂತೂ ಆ ಖಾತೆ ಕೊಡಿಸುವುದಿಲ್ಲ.

ಬ್ಯಾಕ್‌ಲಾಗ್ ಇಟ್ಟುಕೊಂಡು ಗಡಿ ದಾಟಲೇಬಾರದು. ಹೊಸ ವಿಶ್ವವಿದ್ಯಾಲಯಕ್ಕೆ ನೀವು ಪಾಸಾಗದ ವಿಷಯದ ಮೇಲೆ ಯಾವ ಹೊಣೆಯೂ ಇಲ್ಲ, ಹಳೆಯದಕ್ಕೆ ನೀವು ವಿದ್ಯಾರ್ಥಿಯಾಗಿ ಉಳಿದಿರುವುದಿಲ್ಲ. ಹಾಗೆಯೇ ಹಳೆಯ ಸೆಮಿಸ್ಟರುಗಳ ಗ್ರೇಡು ಹೊಸ ಸಿಜಿಪಿಎಯಲ್ಲಿ ಸೇರುತ್ತದೆಯೋ, ಇಲ್ಲ ಅಲ್ಲಿಂದ ಮುಂದಿನದನ್ನಷ್ಟೇ ಎಣಿಸುತ್ತಾರೋ ಕೇಳಿಕೊಳ್ಳಿ. ಒಳ್ಳೆಯ ಅಂಕ ಗಳಿಸಿದವರಿಗೆ ಇದರಿಂದ ನಷ್ಟವಾಗಬಹುದು, ಮೊದಲ ವರ್ಷ ಎಡವಿದವರಿಗೆ ಲಾಭವೂ ಆಗಬಹುದು.

ಮೂರನೆಯ ದಾರಿ: ಮತ್ತೆ ಸಿಇಟಿ

ಇದು ಒಂದು ವರ್ಷವನ್ನು ಬಿಟ್ಟುಕೊಟ್ಟು ಹೊಸದಾಗಿ ಆರಂಭಿಸುವ ದಾರಿ. ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿ ಅಂಕ ಚೆನ್ನಾಗಿದ್ದು, ಸಿಇಟಿ ದಿನ ಜ್ವರ ಬಂದು ಹಾಳಾಗಿದ್ದರೆ ಮತ್ತೊಮ್ಮೆ ಬರೆಯುವುದರಲ್ಲಿ ಅರ್ಥವಿದೆ. ಪಿಯುಸಿ ಅಂಕವೇ ಕಡಿಮೆಯಿದ್ದರೆ ಸಿಇಟಿಯೊಂದರಿಂದ ರ‍್ಯಾಂಕ್ ಬಹಳ ಮೇಲೇರುವುದು ಕಷ್ಟ. ಮೊದಲ ವರ್ಷದ ಭೌತಶಾಸ್ತ್ರ ಚಕ್ರ, ರಸಾಯನಶಾಸ್ತ್ರ ಚಕ್ರದ ಪಾಠಗಳ ನಡುವೆ ಪಿಯುಸಿ ಪುಸ್ತಕ ತೆರೆಯಲು ಹೊತ್ತೆಲ್ಲಿ? ಎರಡನ್ನೂ ಹಿಡಿಯಲು ಹೋಗಿ ಎರಡರಲ್ಲೂ ಹಿಂದೆ ಬಿದ್ದವರು ನಮ್ಮ ಕಡೆ ಬಹಳ ಇದ್ದಾರೆ.

ಬೇರೆ ಬ್ರಾಂಚು, ಬೇರೆ ಕಾಲೇಜು ಎರಡೂ ಒಟ್ಟಿಗೆ ಬೇಕೆನ್ನುವವರಿಗೆ, ಅದೂ ಮೊದಲ ವರ್ಷದಲ್ಲೇ ನಿರ್ಧರಿಸಿದವರಿಗೆ ಮಾತ್ರ ಇದು ಸರಿ. ಎರಡು ವರ್ಷ ಮುಗಿಸಿದ ಮೇಲೆ ಯೋಚಿಸಲೇಬೇಡಿ. ಕ್ಯಾಂಪಸ್ಸಿಗೆ ಬರುವ ಹಲವು ಕಂಪನಿಗಳು ಓದಿನ ನಡುವಿನ ಅಂತರ ಒಂದು ವರ್ಷ ಮೀರಬಾರದು ಎಂಬ ಷರತ್ತು ಹಾಕುತ್ತವೆ.

ನಾಲ್ಕನೆಯ ದಾರಿ: ಅಲ್ಲೇ ಮುಗಿಸುವುದು

ಕಾಲೇಜು ಹಿಡಿಸುತ್ತಿಲ್ಲ ಎನ್ನುವವರನ್ನು ಕೂರಿಸಿ ಮಾತಾಡಿಸಿದರೆ ಅರ್ಧಕ್ಕರ್ಧ ಜನರಿಗೆ ಹಿಡಿಸದಿರುವುದು ಬ್ರಾಂಚು. ಸಿವಿಲ್ ಸಿಕ್ಕವನಿಗೆ ಕಂಪ್ಯೂಟರ್ ಸೈನ್ಸ್ ಬೇಕಿತ್ತು. ಅಂಥವರು ಊರು ಬಿಡುವ ಮುನ್ನ ತಮ್ಮ ಕಾಲೇಜಿನಲ್ಲೇ ಮೂರನೆಯ ಸೆಮಿಸ್ಟರಿನ ಆರಂಭಕ್ಕೆ ಬ್ರಾಂಚ್ ಬದಲಾವಣೆಗೆ ಅರ್ಜಿ ಹಾಕಲಿ. ಖಾಲಿ ಸೀಟಿಗೆ ತಕ್ಕಂತೆ ಮೊದಲ ವರ್ಷದ ಅಂಕ ನೋಡಿ ಕೊಡುತ್ತಾರೆ. ಮೊದಲ ವರ್ಷವನ್ನು ಉದಾಸೀನ ಮಾಡದಿರಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಹೆಸರು ಬೇಕೆಂಬುದೇ ಕಾರಣವಾಗಿದ್ದರೆ ಅದಕ್ಕೆ ಸರಿಯಾದ ಬಾಗಿಲು ಗೇಟ್ ಪರೀಕ್ಷೆ. ವಿಜಯಪುರದಲ್ಲಿ ಬಿ.ಇ. ಓದಿದವರೂ ಬೆಂಗಳೂರಿನಲ್ಲಿ ಓದಿದವರೂ ಅಲ್ಲಿ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಐಐಟಿಗಳಿಗೂ ಸುರತ್ಕಲ್ಲಿನ ಎನ್‌ಐಟಿಗೂ ಎಂ.ಟೆಕ್. ಪ್ರವೇಶ ಅದರ ಮೂಲಕವೇ. ಎರಡನೆಯ ವರ್ಷ ಕಾಲೇಜು ಬದಲಿಸಲು ಕಚೇರಿ ಅಲೆಯುವ ಶ್ರಮವನ್ನು ಓದಿಗೆ ಹಾಕಿದರೆ ಆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು ಎಂದು ನಾನು ನಂಬುತ್ತೇನೆ. ಪಾಠ ಚೆನ್ನಾಗಿಲ್ಲ ಎಂಬ ದೂರು ನಿಜವಾಗಿದ್ದರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಕೊನೆಯ ವರ್ಷದ ಇಂಟರ್ನ್‌ಶಿಪ್ಪನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಮಾಡಬಹುದು.

ಹಾಗಂತ ಎಲ್ಲರಿಗೂ ಅಲ್ಲೇ ಇರಿ ಎಂದು ಹೇಳುವುದು ನ್ಯಾಯವಲ್ಲ. ರ‍್ಯಾಗಿಂಗ್, ಕಿರುಕುಳ, ಮನಸ್ಸು ಕುಸಿದು ಊಟ ನಿದ್ದೆ ಬಿಟ್ಟಿರುವ ಸ್ಥಿತಿ ಇದ್ದರೆ ಮೇಲಿನ ಯಾವ ಲೆಕ್ಕವೂ ಮುಖ್ಯವಲ್ಲ. ಮಗುವನ್ನು ಮನೆಗೆ ಕರೆತನ್ನಿ, ಕ್ರೆಡಿಟ್ ಆಮೇಲೆ.

ಹಣದ ಮಾತು

ಬೋಧನಾ ಶುಲ್ಕ ವಿನಾಯಿತಿಯ ಸೀಟಿನಲ್ಲಿ, ಅಂದರೆ ನಾವು ಸೂಪರ್‌ನ್ಯೂಮರರಿ ಕೋಟಾ ಎನ್ನುವ ಸೀಟಿನಲ್ಲಿ ಸೇರಿದವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಎಐಸಿಟಿಇಯ ಈ ಯೋಜನೆ ವಾರ್ಷಿಕ 8 ಲಕ್ಷ ರೂಪಾಯಿಯೊಳಗೆ ವರಮಾನವಿರುವ ಕುಟುಂಬಗಳಿಗೆ. ಅದರಡಿ ಸೇರಿದ ವಿದ್ಯಾರ್ಥಿ ಯಾವ ಕಾರಣಕ್ಕೂ ಕಾಲೇಜನ್ನಾಗಲಿ ಕೋರ್ಸನ್ನಾಗಲಿ ಬದಲಿಸುವಂತಿಲ್ಲ ಎಂದು ಯೋಜನೆಯ ನಿಯಮದಲ್ಲೇ ಬರೆದಿದೆ. ಪ್ರವೇಶದ ದಿನ ಸಹಿ ಮಾಡಿದ ಕಾಗದಗಳಲ್ಲಿ ಇದು ಹೂತು ಹೋಗಿರುತ್ತದೆ. ಸೀಟು ಹಂಚಿಕೆ ಪತ್ರವನ್ನು ಹೊರತೆಗೆದು ಕೋಟಾ ಯಾವುದೆಂದು ನೋಡಿ.

ಸಿಇಟಿಯ ಸರ್ಕಾರಿ ಸೀಟಿನ ಶುಲ್ಕ ಹೊಸ ಕಾಲೇಜಿನಲ್ಲೂ ಹಾಗೆಯೇ ಇರುತ್ತದೆ ಎಂದು ಭಾವಿಸಬೇಡಿ. ನಿಮ್ಮನ್ನು ಯಾವ ಕೋಟಾದಡಿ ಸೇರಿಸಿಕೊಳ್ಳುತ್ತಿದ್ದಾರೆ, ಉಳಿದ ವರ್ಷಗಳಿಗೂ ಅದೇ ಶುಲ್ಕವೇ ಎಂದು ಬರೆಸಿಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಕಾಲೇಜಿನ ವಿವರ ತಿದ್ದಿಸಬೇಕು. ವಿದ್ಯಾಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಮೊದಲೇ ಬೇಕು, ಏಕೆಂದರೆ ಮಂಜೂರಾತಿ ಪತ್ರದಲ್ಲಿ ಹಳೆಯ ಕಾಲೇಜಿನ ಹೆಸರಿರುತ್ತದೆ. ಇನ್ನು ನಿಮ್ಮ ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಹಿಡಿದಿಟ್ಟುಕೊಳ್ಳುವಂತಿಲ್ಲ. 2018ರ ಯುಜಿಸಿ ಅಧಿಸೂಚನೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಉಳಿದ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಕಾಗದ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಬರಹದಲ್ಲಿ ಕೇಳಿ. ಬಹಳ ಸಲ ಅಲ್ಲಿಗೇ ಅದು ನಿಲ್ಲುತ್ತದೆ.

ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವವರಿಗೆ

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024-25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ತಂಡಗಳವರು ಬದಲಿಸುವಾಗ ತಮ್ಮ ತಂಡಕ್ಕೆ ಯಾವ ಪಠ್ಯಕ್ರಮ ಅನ್ವಯಿಸುತ್ತದೆ ಎಂದು ಖಚಿತಪಡಿಸಿಕೊಳ್ಳಬೇಕು. 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಜಮಖಂಡಿಯಲ್ಲಿ ಕೇಂದ್ರವಿರುವ ಬಾಗಲಕೋಟೆ ವಿಶ್ವವಿದ್ಯಾಲಯ ಮೂರೂ ಬೇರೆ ಬೇರೆ. ಅಕ್ಕಪಕ್ಕದ ತಾಲ್ಲೂಕಿನ ಕಾಲೇಜುಗಳೂ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿರಬಹುದು. ಅಂಕಪಟ್ಟಿಯ ನೆತ್ತಿಯ ಮೇಲಿನ ಹೆಸರು ನೋಡಿದರೆ ಗಡಿ ದಾಟುತ್ತಿದ್ದೀರೋ ಇಲ್ಲವೋ ತಿಳಿಯುತ್ತದೆ. ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಓದುವವರಿಗೆ ಆಯಾ ಪರಿಷತ್ತಿನ ನಿಯಮಗಳೇ ಬೇರೆ. ಇಲ್ಲಿ ಬರೆದದ್ದು ಅವರಿಗೆ ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವುದು ಸಾಮಾನ್ಯ ಸಂಗತಿ. ಅಲ್ಲಿ ವರ್ಗಾವಣೆ ವಿದ್ಯಾರ್ಥಿಗಳಿಗೆಂದೇ ಪ್ರವೇಶ ಪ್ರಕ್ರಿಯೆ ಇರುತ್ತದೆ, ಸೀಟು ಹಂಚುವ ಕೇಂದ್ರ ಪ್ರಾಧಿಕಾರವಿಲ್ಲ. ಆ ದೇಶದ ವಿದ್ಯಾರ್ಥಿಗಳು ಕೊಡುವ ಸಲಹೆ ಕೇಳಿ ಇಲ್ಲಿ ಹೆಜ್ಜೆ ಇಟ್ಟರೆ ದಾರಿ ತಪ್ಪುತ್ತದೆ.

ಕೊನೆಯದಾಗಿ ಕಾಗದಗಳ ಅನುಕ್ರಮ. ಮೊದಲು ಹೊಸ ಕಾಲೇಜಿನಿಂದ ಸೀಟು ಇದೆ ಎಂಬ ಪತ್ರ ಪಡೆಯಿರಿ. ಗಡಿ ದಾಟುವುದಾದರೆ ಯಾವ ವಿಷಯಗಳನ್ನು ಒಪ್ಪಿದ್ದಾರೆ, ಯಾವುವು ಬಾಕಿ ಎಂಬ ಪಟ್ಟಿಯನ್ನೂ. ಆಮೇಲೆ ಹಳೆಯ ಕಾಲೇಜಿನ ನಿರಾಕ್ಷೇಪಣಾ ಪತ್ರ, ನಂತರ ಮಂಜೂರಾತಿ. ಟಿ.ಸಿ.ಯನ್ನೂ ಮೈಗ್ರೇಷನ್ ಪ್ರಮಾಣಪತ್ರವನ್ನೂ ಎಲ್ಲಕ್ಕಿಂತ ಕೊನೆಗೆ ಕೇಳಿ. ಮಂಜೂರಾತಿ ಕೈಗೆ ಬರುವ ಮೊದಲೇ ಟಿ.ಸಿ. ತೆಗೆದುಕೊಂಡರೆ ಹಳೆಯ ಸೀಟು ಹೋಗಿರುತ್ತದೆ, ಹೊಸದು ಬಂದಿರುವುದಿಲ್ಲ. ಗುಮಾಸ್ತರು "ಟಿ.ಸಿ. ತನ್ನಿ, ಆಮೇಲೆ ನೋಡೋಣ" ಎಂದರೆ ಅವರ ಮೇಲಿನವರನ್ನು ಕಂಡು ಲಿಖಿತ ಉತ್ತರ ಕೇಳಿ, ಅದು ಬರುವ ತನಕ ಹಳೆಯ ತರಗತಿಗೆ ಹೋಗುತ್ತಿರಿ.